ಎಳೆ ಬಿಟ್ಟ ಪಾಚಿಯನ್ನು ಗದ್ದೆಗೆ ಹಾಕಬೇಡ
ಅಳಿಯಾ, ನಾಟಿ ಮುಗಿದಿದೆ, ಗುಂಡಿಯಲ್ಲಿ ಬೆಳೆಸಿದ ಪಾಚಿ ನೂಲುನೂಲಾಗಿ ಎಳೆ ಬಿಟ್ಟಿದೆ, ಹಾಕಲೋ ಬಿಡಲೋ ಎಂದು ನೀನು ಬೆಳಿಗ್ಗೆ ಗ್ರೂಪಿನಲ್ಲಿ ಕೇಳಿದ್ದನ್ನು ಈಗ ನೋಡಿದೆ. ಹಾಕಬೇಡ. ಅದು ಭತ್ತಕ್ಕೆ ಗೊಬ್ಬರವಾಗುವ ನೀಲಿ-ಹಸಿರು ಪಾಚಿಯಲ್ಲ.

ಕಾರಟಗಿ ಕಡೆಯ ನಮ್ಮ ಗದ್ದೆಯನ್ನು ಅಣ್ಣ ನೋಡಿಕೊಳ್ಳುತ್ತಿದ್ದ ಕಾಲದಲ್ಲಿ ಮಾರಾಟಗಾರನೊಬ್ಬ ಪಾಚಿ ಗೊಬ್ಬರವೆಂದು ಒದ್ದೆ ಚೀಲವೊಂದನ್ನು ಕೊಟ್ಟು ದುಡ್ಡು ಎಣಿಸಿಕೊಂಡು ಹೋದ. ಒಳಗಿದ್ದದ್ದು ಕಾಲುವೆಯಿಂದ ಬಾಚಿದ ಲೋಳೆ. ಕೆಲವೇ ದಿನಗಳಲ್ಲಿ ಹಸಿರು ಎಳೆಗಳು ಮಡಿಯ ತುಂಬ ಹಬ್ಬಿ, ಆಗಷ್ಟೇ ಬೇರು ಹಿಡಿಯುತ್ತಿದ್ದ ಸೋನಾ ಮಸೂರಿ ಸಸಿಗಳ ಬುಡಕ್ಕೆ ಸುತ್ತಿಕೊಂಡವು. ಗಾಳಿಗೆ ಒಂದೆಡೆ ಒತ್ತರಿಸಿಕೊಂಡು ಬದುವಿನ ಮೂಲೆಯ ಸಸಿಗಳನ್ನೆಲ್ಲ ಮಲಗಿಸಿಬಿಟ್ಟವು. ಆಳು ಹಚ್ಚಿ ಬಾಚಿಸಿ, ನೀರು ಬರುವ ಬಾಯಿಗೆ ಮೈಲುತುತ್ತದ ಗಂಟು ಕಟ್ಟಿದ ಮೇಲೆ ಎಳೆ ಸತ್ತಿತು. ಆದರೆ ಮೈಲುತುತ್ತ ಒಳ್ಳೆಯ ಪಾಚಿಯನ್ನೂ ಉಳಿಸುವುದಿಲ್ಲ, ಆದ್ದರಿಂದ ಆ ಹಂಗಾಮಿಗೆ ಯೂರಿಯಾವೇ ಗತಿಯಾಯಿತು. ಮತ್ತೊಮ್ಮೆ ಹೇಳುತ್ತೇನೆ, ಎಳೆ ಬಿಟ್ಟ ಪಾಚಿಯನ್ನು ಗದ್ದೆಗೆ ಇಳಿಸಬೇಡ.

ಹಾಗೆಂದು ಇದೆಲ್ಲ ಮೋಸವೆನ್ನುವ ನಿಮ್ಮ ದೊಡ್ಡಪ್ಪನ ಮಾತಿಗೂ ಕಿವಿಗೊಡಬೇಡ. ಸರಿಯಾದ ಪಾಚಿ ಗಾಳಿಯ ಸಾರಜನಕವನ್ನು ಹಿಡಿದು ಹೆಕ್ಟೇರಿಗೆ 20ರಿಂದ 30 ಕಿಲೋದಷ್ಟು ಒದಗಿಸುತ್ತದೆ; ಅದಕ್ಕೆ ಬೇಕಾದದ್ದು ನಿಂತ ನೀರು. ಆ ನೀರೆಲ್ಲಿದೆ? ಮೇಲ್ಭಾಗದವರು ರಾತ್ರೋರಾತ್ರಿ ಕಾಲುವೆಗೆ ಪೈಪು ಇಳಿಸಿ ಪಂಪು ಹಚ್ಚುತ್ತಾರೆ, ಸರದಿ ನಮ್ಮ ಕೊನೆಯಂಚಿಗೆ ಬರುವಷ್ಟರಲ್ಲಿ ಗದ್ದೆ ಬಿರುಕು ಬಿಟ್ಟಿರುತ್ತದೆ, ಸಭೆಯಲ್ಲಿ ಕೇಳಿದರೆ ಎಲ್ಲರೂ ತಲೆಯಾಡಿಸಿ ಚಹಾ ಕುಡಿದು ಎದ್ದು ಹೋಗುತ್ತಾರೆ. ನೀರು ಕದ್ದವರೇ ಪಾಚಿಯಿಂದ ಏನೂ ಆಗುವುದಿಲ್ಲವೆಂದು ನಮಗೆ ಬುದ್ಧಿ ಹೇಳುತ್ತಾರೆ.

ಇರಲಿ, ಮುಖ್ಯವಾದದ್ದೇ ಉಳಿಯಿತು. ಗುಂಡಿಯನ್ನು ಬರಿದು ಮಾಡಿ, ಪ್ಲಾಸ್ಟಿಕ್ ಹಾಳೆಯನ್ನು ತೊಳೆದು ಬಿಸಿಲಿಗೆ ಒಣಗಿಸು. 2 ಮೀಟರ್ ಉದ್ದ, 1 ಮೀಟರ್ ಅಗಲದ ಗುಂಡಿಗೆ 8-10 ಕಿಲೋ ಜರಡಿ ಹಿಡಿದ ಮಣ್ಣು, 200 ಗ್ರಾಂ ಸೂಪರ್ ಫಾಸ್ಫೇಟ್ ಹಾಕಿ, ಗೇಣುದ್ದಕ್ಕಿಂತ ಕಡಿಮೆ ನೀರು ನಿಲ್ಲಿಸಿ, ತಿಳಿಯಾದ ಮೇಲೆ ಬೀಜದಂತೆ ಬಳಸುವ ಮೂಲ ಪಾಚಿಯನ್ನು ಉದುರಿಸು. ಮೂಲ ಪಾಚಿ ಎಲ್ಲಿ ಸಿಗುತ್ತದೆಂದು ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ವಿಚಾರಿಸು, ಸಂತೆಯಲ್ಲಿ ಕೊಳ್ಳಬೇಡ. ಸರಿಯಾದದ್ದು ಪದರವಾಗಿ ಹರಡಿ, ನೀರು ಇಂಗಿದ ಮೇಲೆ ಹಪ್ಪಳದಂತೆ ಚಕ್ಕೆಚಕ್ಕೆಯಾಗಿ ಏಳುತ್ತದೆ. ಈ ಹಂಗಾಮಿಗೆ ತಡವಾಯಿತು. ಬೇಸಿಗೆ ಬೆಳೆಗೆ, ನಾಟಿಯಾದ ವಾರ-ಹತ್ತು ದಿನಕ್ಕೆ ಎಕರೆಗೆ 4 ಕಿಲೋ ಚಕ್ಕೆ ಎರಚಿ, ಮುಂದಿನ ಹತ್ತು ದಿನ ನೀರು ಬಸಿಯದಂತೆ ನೋಡಿಕೋ. ಅಲ್ಲಿಯವರೆಗೆ ಚಕ್ಕೆಯ ಚೀಲವನ್ನು ಯೂರಿಯಾ, ಔಷಧಿ ಡಬ್ಬಗಳ ಪಕ್ಕದಲ್ಲಿ ಇಡಬೇಡ.