ಅಪ್‌ಡೇಟ್: ಹಳೇ ಕಾರಿನ ಬುಷ್ ಬದಲಾಯಿಸಿದೆ
ಹಳೇ ಕಾರಿನ ಲೋವರ್ ಆರ್ಮ್ (ಚಕ್ರವನ್ನು ಕಾರಿನ ಚೌಕಟ್ಟಿಗೆ ಜೋಡಿಸುವ ಕೆಳಗಿನ ತೋಳು) ಬುಷ್‌ಗಳ, ಅಂದರೆ ಆ ಜೋಡಣೆಯಲ್ಲಿ ಕೂರುವ ರಬ್ಬರ್ ತುಂಬಿದ ಕೊಳವೆಗಳ, ರಬ್ಬರ್ ಬಿರುಕು ಬಿಟ್ಟಿದೆ, ಪ್ರೆಸ್ (ಬುಷ್ ಒತ್ತಿ ತೆಗೆಯುವ, ಕೂರಿಸುವ ಯಂತ್ರ) ಇಲ್ಲದೆ ಮನೆಯಲ್ಲೇ ಬದಲಾಯಿಸಬಹುದಾ ಅಂತ ಕೇಳಿದ್ದೆ. ಕೆಲಸ ಮುಗಿಯಿತು!

ಹಳೇ ಬುಷ್ ಹೊರಗೆ ತೆಗೆಯುವುದೇ ಕಷ್ಟ. ಉದ್ದನೆಯ ಥ್ರೆಡ್ ರಾಡ್, ದಪ್ಪ ವಾಷರ್, ದೊಡ್ಡ ಸಾಕೆಟ್ ಜೋಡಿಸಿ ನಟ್ ತಿರುಗಿಸುತ್ತಾ ಹೋದೆ. ಬುಷ್ ನಿಧಾನವಾಗಿ ಸಾಕೆಟ್ ಒಳಗೆ ಬಂತು. ಹೊಸದನ್ನು ಕೂರಿಸಲು ಸೋಪಿನ ನೀರು ಸಾಕು. ಮಾಮೂಲಿ ಗ್ರೀಸ್ ಬೇಡ, ರಬ್ಬರ್ ಉಬ್ಬುತ್ತದೆ.

ನೀವು ಹೇಳಿದ್ದರಲ್ಲಿ ಜಾಸ್ತಿ ಉಪಯೋಗವಾದದ್ದು ಇದು: ಕಾರು ಎತ್ತಿರುವಾಗ ಪಿವಟ್ ಬೋಲ್ಟ್ (ಬುಷ್ ಮೂಲಕ ಹಾದು ಆರ್ಮ್ ಅನ್ನು ಚೌಕಟ್ಟಿಗೆ ಹಿಡಿಯುವ ಬೋಲ್ಟ್) ಪೂರ್ತಿ ಬಿಗಿ ಮಾಡಬಾರದು. ಚಕ್ರದ ಮೇಲೆ ಭಾರ ಬಿದ್ದು ಕಾರು ತನ್ನ ಎತ್ತರಕ್ಕೆ ಕೂತ ಮೇಲೆಯೇ ಮಾಡಬೇಕು. ಇಲ್ಲದಿದ್ದರೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ, ಅಲ್ವಾ?

ಗುಂಡಿಗಳಲ್ಲಿ ಬರುತ್ತಿದ್ದ ಟಕ್ ಟಕ್ ಸದ್ದು ಪೂರ್ತಿ ನಿಂತಿದೆ. ತುಂಬಾ ಖುಷಿಯಾಗಿದೆ. ವೀಲ್ ಅಲೈನ್‌ಮೆಂಟ್ ಒಂದು ಬಾಕಿ.