ಪದಚರ್ಚೆ: ಓಟಿಯ 'ಸ್ಪೆಸಿಮನ್'ಗೆ 'ಮಾದರಿ' ಸಾಕಾ? 'ಹಸಿ' ಅಂದರೆ ನಿಮಗೆ ಏನು ಕೇಳಿಸುತ್ತದೆ?

ಎಲ್ಲರಿಗೂ ನಮಸ್ಕಾರ.

ನಾನು ಆಪರೇಷನ್ ಥಿಯೇಟರಿನಲ್ಲಿ (ಓಟಿ) ನರ್ಸು. ಆಪರೇಷನ್ನಿನಲ್ಲಿ ತೆಗೆದ ಗಡ್ಡೆ, ಪಿತ್ತಕೋಶ, ಗರ್ಭಕೋಶ ಎಲ್ಲ ಪೆಥಾಲಜಿ ಲ್ಯಾಬಿಗೆ ಹೋಗುತ್ತವಲ್ಲ, ಅವನ್ನು ಯಾವ ಡಬ್ಬಿಗೆ ಹಾಕಬೇಕು, ಚೀಟಿಯಲ್ಲಿ ಏನು ಬರೆಯಬೇಕು, ಯಾರ ಕೈಗೆ ಕೊಡಬೇಕು ಅಂತ ಒಂದು ಕನ್ನಡ ಹಾಳೆ ಬರೆದು ಗೋಡೆಗೆ ಅಂಟಿಸುವ ಕೆಲಸ ನನ್ನ ತಲೆಗೆ ಬಂದಿದೆ. ಆಯಾಗಳು, ಅಟೆಂಡರುಗಳು ಓದುವ ಹಾಳೆ. ಮೊದಲ ಸಾಲಿನಲ್ಲೇ ಸಿಕ್ಕಿಹಾಕಿಕೊಂಡಿದ್ದೇನೆ. ಸ್ಪೆಸಿಮನ್‌ಗೆ ಏನನ್ನೋಣ?

ನಿಘಂಟು 'ಮಾದರಿ' ಅನ್ನುತ್ತದೆ. ಬ್ಯಾಂಕಿನಲ್ಲಿ ಮಾದರಿ ಸಹಿ ಇದೆ. ಕೋವಿಡ್ ಕಾಲದಲ್ಲಿ ಪೇಪರಿನವರು 'ಗಂಟಲು ದ್ರವದ ಮಾದರಿ' ಅಂತ ಬರೆದೂ ಬರೆದೂ ಎಲ್ಲರ ಬಾಯಿಗೂ ಬಂತು. ಅಲ್ಲಿಗೆ ಅದು ಸರಿ. ಮಾದರಿ ಅಂದರೆ ಅನ್ನ ಬೆಂದಿದೆಯಾ ಅಂತ ಹಿಸುಕಿ ನೋಡುವ ಒಂದು ಅಗುಳು. ಪಾತ್ರೆಯಲ್ಲಿ ಇನ್ನೂ ಬೇಕಾದಷ್ಟು ಇರುತ್ತದೆ. ರಕ್ತದ ಮಾದರಿ ಚೆಲ್ಲಿದರೆ ಇನ್ನೊಂದು ಸಲ ಚುಚ್ಚಿ, ಬೈಸಿಕೊಂಡು ಸುಮ್ಮನಾಗಬಹುದು. ಗರ್ಭಕೋಶ ಕಳೆದರೆ? ಇನ್ನೊಂದನ್ನು ಎಲ್ಲಿಂದ ತರೋದು? 'ಮಾದರಿ' ಅನ್ನುವ ಪದದಲ್ಲಿ ಆ ಹೆದರಿಕೆಯೇ ಇಲ್ಲ. 'ಸ್ಯಾಂಪಲ್'ಗೂ ಇದೇ ಮಾತು.

ರೋಗಿಗಳ ಮನೆಯವರು ಆಡುವ ಮಾತು 'ಪೀಸ್'. "ಪೀಸ್ ಟೆಸ್ಟಿಗೆ ಕಳಿಸಿದಾರೆ" ಅಂತ ಫೋನಿನಲ್ಲಿ ಊರಿಗೆ ಹೇಳುತ್ತಾರೆ. ಎಷ್ಟೋ ಕಡೆ ಡಬ್ಬಿಯನ್ನು ಅವರ ಕೈಗೇ ಕೊಟ್ಟು ಹೊರಗಿನ ಲ್ಯಾಬಿಗೆ ಕಳಿಸುವುದೂ ಉಂಟು. "ಫ್ರಿಜ್ಜಿನಲ್ಲಿ ಇಡಬೇಕಾ ಸಿಸ್ಟರ್?" ಅಂತ ಕೇಳುತ್ತಾರೆ ಪಾಪ. ಪೀಸ್, ಚೂರು, ತುಣುಕು ಇವೆಲ್ಲ ಪರೀಕ್ಷೆಗೆಂದು ಸ್ವಲ್ಪವೇ ತೆಗೆಯುವ ಬಯಾಪ್ಸಿಗೆ ಒಪ್ಪುತ್ತವೆ. ಇಡೀ ಥೈರಾಯ್ಡನ್ನು ಚೂರು ಅನ್ನಲು ಬಾಯಿ ಬರುವುದಿಲ್ಲ. 'ಅಂಗಾಂಶ' ಅಂದರೆ ಕಿಡ್ನಿ ಕಲ್ಲು ಹೊರಗೆ ಉಳಿಯಿತು.

'ತೆಗೆದ ಭಾಗ' ಅಂತ ಬರೆದು ನೋಡಿದೆ. ನಮ್ಮ ಹಿರಿಯ ಸಿಸ್ಟರ್ ಒಂದೇ ಮಾತಿನಲ್ಲಿ ಹೊಡೆದು ಹಾಕಿದರು: "ಹಳದಿ ಚೀಲಕ್ಕೆ ಹೋಗೋದೂ ತೆಗೆದ ಭಾಗವೇ ಅಲ್ವಾ?" ನಿಜ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯದ ನಿಯಮದಂತೆ ಬೇಡವಾದ ದೇಹದ ಭಾಗಗಳು ಹಳದಿ ಚೀಲಕ್ಕೆ. ಲ್ಯಾಬಿಗೆ ಹೋಗಬೇಕಾದ್ದು ಆ ಚೀಲಕ್ಕೆ ಬೀಳುವುದೇ ನಮಗಿರುವ ದೊಡ್ಡ ಭಯ. ಹಾಗಾಗಿ 'ಲ್ಯಾಬಿಗೆ ಹೋಗುವ ಭಾಗ' ಅಂತ ಉದ್ದ ಮಾಡಿದ್ದೇನೆ. ಗೆಳತಿಯೊಬ್ಬಳು 'ಮುಡಿಪು' ಅಂದಳು. ಎತ್ತಿಟ್ಟದ್ದು, ಯಾರೂ ಮುಟ್ಟಬಾರದ್ದು! ಅರ್ಥ ಎಷ್ಟು ಚೆನ್ನಾಗಿ ಕೂರುತ್ತದೆ ನೋಡಿ. ಆದರೆ ಅಪೆಂಡಿಕ್ಸನ್ನು ಮುಡಿಪು ಅಂದರೆ ತಿರುಪತಿಗೆ ಹೊರಟ ಹಾಗಾಗುತ್ತದೆ.

ಈ ಪದವನ್ನು ಓದಿದರೆ ಸಾಲದು, ಬಾಯಿಬಿಟ್ಟು ಹೇಳಬೇಕು. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ತಂದ ಆಪರೇಷನ್ ಚೆಕ್‌ಲಿಸ್ಟಿನ ಕೊನೆಯ ಭಾಗದಲ್ಲಿ, ರೋಗಿ ಓಟಿಯಿಂದ ಹೊರಗೆ ಹೋಗುವ ಮೊದಲು, ನರ್ಸು ಡಬ್ಬಿಯ ಚೀಟಿಯನ್ನು ರೋಗಿಯ ಹೆಸರು ಸಮೇತ ಗಟ್ಟಿಯಾಗಿ ಓದಬೇಕು. ಓದುವಾಗ ನಾಲಿಗೆ ತೊಡರಬಾರದು.

ಈಗ ಎರಡನೆಯ ಪದ, 'ಹಸಿ'. ಇದು ನನ್ನನ್ನು ಜಾಸ್ತಿ ಕಾಡುತ್ತಿದೆ.

ಸಾಮಾನ್ಯವಾಗಿ ತೆಗೆದದ್ದನ್ನು ಶೇಕಡಾ 10ರ ಫಾರ್ಮಾಲಿನ್‌ಗೆ, ಅಂದರೆ ಕೊಳೆಯದ ಹಾಗೆ ಕಾಪಾಡುವ ದ್ರವಕ್ಕೆ, ಹಾಕುತ್ತೇವೆ. ಭಾಗ ಎಷ್ಟಿದೆಯೋ ಅದರ ಹತ್ತು ಪಟ್ಟಾದರೂ ಫಾರ್ಮಾಲಿನ್ ಇರಬೇಕು. (ಆ ಹೆಸರಿನ ಬೇರು ಲ್ಯಾಟಿನ್ನಿನ ಇರುವೆ, 'ಫಾರ್ಮಿಕಾ'. ಕನ್ನಡ ಹುಡುಕುವ ಗೋಜಿಗೆ ಹೋಗಿಲ್ಲ.) ಅದರಲ್ಲಿ ಮಾಂಸ ಬೇಯಿಸಿದ ಮೊಟ್ಟೆಯ ಹಾಗೆ ಬಿಳಿಚಿಕೊಂಡು ಗಟ್ಟಿಯಾಗುತ್ತದೆ. ಲ್ಯಾಬಿನ ಟೆಕ್ನಿಷಿಯನ್ ಇದನ್ನು 'ಬೆಂದಿದೆ' ಅನ್ನುತ್ತಾರೆ. ಆದರೆ ಫ್ರೋಜನ್ ಸೆಕ್ಷನ್ ಅಂತ ಒಂದಿದೆ. ರೋಗಿ ಮೇಜಿನ ಮೇಲೆ ಇರುವಾಗಲೇ ಲ್ಯಾಬಿನವರು ಭಾಗವನ್ನು ಹೆಪ್ಪುಗಟ್ಟಿಸಿ, ತೆಳ್ಳಗೆ ಕೊಯ್ದು ನೋಡಿ ಫೋನಿನಲ್ಲಿ ಉತ್ತರ ಹೇಳುತ್ತಾರೆ. ಅದಕ್ಕೆ ಫಾರ್ಮಾಲಿನ್ ಸೋಕಲೇಬಾರದು.

ಹೋದ ಮಳೆಗಾಲದಲ್ಲಿ ಸರ್ಜನ್ "ಇದನ್ನ ಹಸಿಯಾಗೇ ಕಳಿಸಿ" ಅಂದರು. ಹೊಸ ಅಟೆಂಡರ್ ಹುಡುಗ ಡಬ್ಬಿ ತೆಗೆದುಕೊಂಡ, ಫಾರ್ಮಾಲಿನ್ ಸುರಿದ, ಓಡಿದ. ಲ್ಯಾಬಿನಿಂದ ಫೋನು ಬಂದಾಗ ಎಲ್ಲರೂ ಅವನ ಮೇಲೆ ಎಗರಿದರು. ಅವನು ಹೇಳಿದ್ದು ಇಷ್ಟೇ: "ಹಸಿ ಅಂದ್ರಲ್ಲ ಸಾರ್, ಒಣಗಬಾರದು ಅಂತ ಹಾಕಿದೆ." ಪುಣ್ಯಕ್ಕೆ ಇನ್ನೊಂದು ಚೂರು ತೆಗೆಯಲು ಜಾಗ ಇತ್ತು.

ತಪ್ಪು ಹುಡುಗನದಾ, ಪದದ್ದಾ? ಹಸಿ ಮೆಣಸಿನಕಾಯಿ, ಹಸಿ ಬಾಣಂತಿ, ಹಸಿ ಗಾಯ, ಹಸಿ ಗೋಡೆ, ಬೆಂಗಳೂರಿನಲ್ಲಿ ಹಸಿ ಕಸ. ಸರ್ಜನ್ ಹೇಳಿದ ಹಸಿ ಬೇಯದ್ದು. ಹುಡುಗನಿಗೆ ಕೇಳಿಸಿದ ಹಸಿ ಒದ್ದೆಯದ್ದು. ಕಸದ ಅರ್ಥವೂ ಪಕ್ಕದಲ್ಲೇ ಹೊಂಚುಹಾಕಿ ಕೂತಿದೆ. 'ತಾಜಾ' ಅಂದರೆ ಮೀನು ಮಾರಿದ ಹಾಗೆ. ಸದ್ಯಕ್ಕೆ 'ಫಾರ್ಮಾಲಿನ್ ಹಾಕದೆ' ಅಂತ ಕೆಂಪಕ್ಷರದಲ್ಲಿ ಬರೆದಿದ್ದೇನೆ. ಪದ ಸಿಗದಿದ್ದಾಗ ಕೆಲಸವನ್ನೇ ಹೇಳಿಬಿಡುವುದು ಒಳ್ಳೆಯದು ಅನ್ನಿಸಿತು.

ಉಳಿದವು ಅಷ್ಟು ತೊಂದರೆ ಕೊಡಲಿಲ್ಲ. ಮಾರ್ಜಿನ್‌ಗೆ 'ಅಂಚು', ಸೀರೆಗೂ ಅದೇ. ಸ್ತನದ ಗಡ್ಡೆಗೆ ದಿಕ್ಕು ತಿಳಿಯಲೆಂದು ಸರ್ಜನ್ ಹಾಕುವ ಹೊಲಿಗೆಗೆ 'ಗಿಡ್ಡ ದಾರ ಮೇಲ್ಬದಿ, ಉದ್ದ ದಾರ ಹೊರಬದಿ'. 'ಚೀಟಿ ಡಬ್ಬಿಯ ಮೈಗೆ, ಮುಚ್ಚಳಕ್ಕಲ್ಲ', ಯಾಕೆಂದರೆ ಮುಚ್ಚಳಗಳು ಅದಲು ಬದಲಾಗುತ್ತವೆ. ಟ್ರ್ಯಾಕಿಂಗ್‌ಗೆ ಯಾರೋ 'ಜಾಡು' ಅಂದರು. ಅದು ಕಳ್ಳನನ್ನು ಹಿಡಿಯುವ ಪದ, ಕಳೆದ ಮೇಲೆ ಹುಡುಕುವಂಥದ್ದು. ರಿಜಿಸ್ಟರಿನಲ್ಲಿ 'ಕೊಟ್ಟವರು, ತೆಗೆದುಕೊಂಡವರು, ಹೊತ್ತು, ರುಜು' ಅಂತ ನಾಲ್ಕು ಕಾಲಂ ಎಳೆದಿದ್ದೇನೆ.

ಹುಬ್ಬಳ್ಳಿ, ಕಲಬುರಗಿ, ಕರಾವಳಿ ಕಡೆಯವರು ಹೇಳಿ: "ಹಸಿಯಾಗಿ ಕಳಿಸು" ಅಂದರೆ ನಿಮ್ಮಲ್ಲಿ ಒದ್ದೆ ಅಂತಲಾ, ಬೇಯದ್ದು ಅಂತಲಾ? ಮತ್ತೆ ಆ ಮೊದಲನೆಯದಕ್ಕೆ ಎರಡೇ ಅಕ್ಷರದ ಪದ ಯಾರ ಹತ್ತಿರವಾದರೂ ಇದ್ದರೆ ದಯವಿಟ್ಟು ಕೊಡಿ. ಹಾಳೆ ಇನ್ನೂ ಲ್ಯಾಮಿನೇಷನ್‌ಗೆ ಹೋಗಿಲ್ಲ.