ಕ್ಯಾಲ್ಕುಲಸ್ ಪಾಠ ಅರ್ಥವಾಗುತ್ತಿಲ್ಲ: ಏನು ಮಾಡಲಿ?

ಪ್ರಶ್ನೆ:
ನಮ್ಮ ಶಿಕ್ಷಕರು ಪುಸ್ತಕದಲ್ಲಿ ಬಿಡಿಸಿಟ್ಟ ಲೆಕ್ಕಗಳನ್ನೇ ಹಲಗೆಯ ಮೇಲೆ ಬರೆದು ಮುಂದಕ್ಕೆ ಹೋಗುತ್ತಾರೆ. ಒಂದು ಹಂತ ಹೇಗೆ ಬಂದಿತೆಂದು ಕೇಳಿದರೆ, ಅದು ಹಿಂದಿನ ತರಗತಿಯ ವಿಷಯವೆಂದು ಸುಮ್ಮನಾಗಿಸುತ್ತಾರೆ. ಪರೀಕ್ಷೆಗೆ ಇನ್ನು ಮೂರು ತಿಂಗಳಿದೆ. ಹೇಗೆ ನಿಭಾಯಿಸಲಿ?

ಮೊದಲ ಉತ್ತರ:
ನಿಮ್ಮ ಶಿಕ್ಷಕರು ಉತ್ತರಿಸಿದ ರೀತಿ ಸರಿಯಲ್ಲ, ಆದರೆ ಅದರಲ್ಲೊಂದು ಸುಳಿವಿದೆ. ಕ್ಯಾಲ್ಕುಲಸ್‌ನಲ್ಲಿ ಎಡವುವ ಅನೇಕರು ನಿಜವಾಗಿ ಎಡವುವುದು ಬೀಜಗಣಿತ ಮತ್ತು ತ್ರಿಕೋನಮಿತಿಯಲ್ಲಿ. ಎಕ್ಸ್ ವರ್ಗದ ಸೈನ್‌ನ ಅವಕಲನವನ್ನು (ಅಂದರೆ ಬದಲಾವಣೆಯ ದರವನ್ನು) ಎಕ್ಸ್ ವರ್ಗದ ಕೊಸೈನ್ ಎಂದಷ್ಟೇ ಬರೆದು, ಅದನ್ನು 2 ಎಕ್ಸ್‌ನಿಂದ ಗುಣಿಸಲು ಮರೆಯುವವರಿಗೆ ಸರಪಳಿ ನಿಯಮ (ಒಳಗಿನ ಫಲನದ ಅವಕಲನದಿಂದಲೂ ಗುಣಿಸಬೇಕೆಂಬ ನಿಯಮ) ಬಾಯಿಪಾಠವಾಗಿರುತ್ತದೆಯೇ ಹೊರತು, ಒಂದು ಫಲನದೊಳಗೆ ಮತ್ತೊಂದು ಫಲನ ಕುಳಿತಿರುವುದು ಕಣ್ಣಿಗೆ ಬಿದ್ದಿರುವುದಿಲ್ಲ. ತಪ್ಪಿದ ಪ್ರತಿಯೊಂದು ಲೆಕ್ಕದಲ್ಲಿಯೂ ಯಾವ ಸಾಲಿನಲ್ಲಿ ದಾರಿ ತಪ್ಪಿತೆಂದು ಗುರುತು ಹಾಕಿಕೊಳ್ಳಿ. ಎರಡು ವಾರಗಳಲ್ಲಿ ಕೊರತೆ ಎಲ್ಲಿದೆಯೆಂದು ತಾನಾಗಿಯೇ ಕಾಣತೊಡಗುತ್ತದೆ.

ಎರಡನೆಯ ಉತ್ತರ:
ನಾನೂ ಗಣಿತ ಕಲಿಸುತ್ತೇನೆ. "ಅರ್ಥವಾಗಲಿಲ್ಲ" ಎಂಬ ಮಾತಿಗೆ ಉತ್ತರ ಕೊಡುವುದು (ಒಪ್ಪಿಕೊಳ್ಳಲು ಸಂಕೋಚವಾದರೂ) ನಮಗೂ ಕಷ್ಟ. ತರಗತಿ ಮುಗಿದ ಮೇಲೆ, ನೀವೇ ಅರ್ಧ ಬಿಡಿಸಿದ ಲೆಕ್ಕವನ್ನು ತೋರಿಸಿ, ಈ ಸಾಲಿನವರೆಗೆ ಸರಿಯಿದೆಯೇ ಎಂದು ಕೇಳಿ. ಆಗಲೂ ಪ್ರಯೋಜನವಾಗದಿದ್ದರೆ ಇನ್ನೊಂದು ವಿಭಾಗದ ಶಿಕ್ಷಕರನ್ನು ಕಾಣುವುದರಲ್ಲಿ ತಪ್ಪೇನೂ ಇಲ್ಲ.

ಪ್ರಶ್ನೆ ಕೇಳಿದವರು:
ಹಳೆಯ ಉತ್ತರಪತ್ರಿಕೆಗಳನ್ನು ತೆಗೆದು ನೋಡಿದೆ. ಏಳು ತಪ್ಪುಗಳಲ್ಲಿ ಐದು ಭಿನ್ನರಾಶಿಯವೇ ಆಗಿದ್ದವು.